ತಟ್ಟೆ ಎತ್ತುವ ಅವಸರ

ಹೋದ ಗುರುವಾರ ಮಧ್ಯಾಹ್ನದ ರಶ್ಶಿನಲ್ಲಿ ನಮ್ಮ ಹೋಟೆಲಿನ ರಾಜ್ಮಾ ತಳ ಹಿಡಿಯಿತು. ಮುಂಬಯಿಯ ಫೋರ್ಟಿನಲ್ಲಿ ಒಂದು ಗಂಟೆ ಹೊಡೆದರೆ ಬ್ಯಾಂಕಿನವರು, ಕೋರ್ಟಿನ ವಕೀಲರು, ಅವರ ಗುಮಾಸ್ತರು ಎಲ್ಲರೂ ಒಟ್ಟಿಗೇ ನುಗ್ಗುತ್ತಾರೆ. ಅಂಥ ಹೊತ್ತಿನಲ್ಲಿ ಏನಾದರೂ ಹೆಚ್ಚುಕಡಿಮೆಯಾದರೆ ನಾನು ಗಲ್ಲೆಯಿಂದಲೇ ಕೂಗುವ ಮನುಷ್ಯ. ಅಡುಗೆಯ ಸದಾನಂದ ಕುಂದಾಪುರದವನು, ಇಪ್ಪತ್ತು ವರ್ಷದಿಂದ ನನ್ನ ಕೂಗು ಕೇಳಿ ಕೇಳಿ ಕಿವಿ ಗಟ್ಟಿ ಮಾಡಿಕೊಂಡವನು, ಅವತ್ತೂ ಬೈಸಿಕೊಳ್ಳಲು ತಯಾರಾಗಿಯೇ ನಿಂತಿದ್ದ. ನಾನು ಕೂಗಲಿಲ್ಲ. ಸುಟ್ಟ ಕಾಳಿನ ವಾಸನೆ ಮೂಗಿಗೆ ಬಂದದ್ದೇ ತಡ, ಗಲ್ಲೆಯಲ್ಲಿ ತಮ್ಮನನ್ನು ಕೂರಿಸಿ ಫುಟ್‌ಪಾತಿಗೆ ಇಳಿದುಬಿಟ್ಟೆ. ಬಿಸಿಲಿನಲ್ಲಿ ಮೂಲೆಯ ಝೆರಾಕ್ಸ್ ಅಂಗಡಿಯವರೆಗೆ ಹೋಗುವುದು, ವಾಪಸು ಬರುವುದು, ಮತ್ತೆ ಹೋಗುವುದು. ಸದಾನಂದ ಹಿಂದೆಯೇ ಬಂದು, "ಭಟ್ರೇ, ಬೆಳಿಗ್ಗೆ ಬಿ.ಪಿ. ಮಾತ್ರೆ ತಗೊಂಡಿದ್ರಾ?" ಅಂತ ಮೆಲ್ಲಗೆ ಕೇಳಿದ. ತಗೊಂಡಿದ್ದೇನೆ, ನೀನು ಹೋಗಿ ಬೇರೆ ಪಾತ್ರೆ ಇಡು ಅಂದೆ.

ಅವನಿಗೆ ಹೇಳುವುದಾದರೂ ಏನನ್ನು? ನನಗೆ ನೆನಪಾದದ್ದು ಟಾಂಜಾನಿಯಾದ ಒಂದು ಗುಡ್ಡದ ಹಳ್ಳಿ. ನಾಲ್ಕು ವರ್ಷದ ಹಿಂದೆ ಡಿಸೆಂಬರ್ ಶುರುವಿಗೆ ಹೋದವನು ಜನವರಿಯ ನಡುವಿನವರೆಗೆ ಅಲ್ಲಿದ್ದೆ. ಮುಂಬಯಿಗೆ ಬಂದು ನಲವತ್ತು ವರ್ಷ ದಾಟಿತು, ಅದರಲ್ಲಿ ಒಂದು ವರ್ಷಕ್ಕೂ ಇನ್ನೊಂದಕ್ಕೂ ನನಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆ ಆರು ವಾರ ಮಾತ್ರ ದಿನ ದಿನವೂ ನೆನಪಿವೆ. ನೆನಪಾದರೆ ಕೂತಲ್ಲಿ ಕೂರಲಾಗುವುದಿಲ್ಲ.

ಕೂರುವುದು ಮೊದಲೂ ನನಗೆ ಬರುತ್ತಿರಲಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಹನ್ನೊಂದನೆಯ ವಯಸ್ಸಿಗೆ ಉಡುಪಿ ಕಡೆಯಿಂದ ಅಪ್ಪನ ಹೋಟೆಲಿಗೆ ಬಂದೆ. ಅಪ್ಪ ನನಗೆ ಕಲಿಸಿದ ಮೊದಲ ಪಾಠ ದೋಸೆಯದ್ದಲ್ಲ, ತಟ್ಟೆಯದ್ದು. ಗಿರಾಕಿ ಕೊನೆಯ ತುತ್ತು ಬಾಯಿಗಿಟ್ಟ ಅಂತ ಕಣ್ಣಿಗೆ ಬಿದ್ದ ಕೂಡಲೇ ತಟ್ಟೆ ಏಳಬೇಕು. ಉಳಿದದ್ದು ಬಕೆಟಿಗೆ, ಟೇಬಲಿಗೆ ಒದ್ದೆ ಬಟ್ಟೆ, ಅವನ ಕೈ ಒಣಗುವ ಮೊದಲು ಬಿಲ್ಲು. ಹೊರಗೆ ನಾಲ್ಕು ಜನ ನಿಂತಿರುತ್ತಾರೆ, ಅವರೂ ಎರಡು ಗಂಟೆಗೆ ಆಫೀಸು ಸೇರಬೇಕು, ನಿಂತವರ ಹಸಿವನ್ನೂ ನೋಡಬೇಕಲ್ಲ ಅನ್ನುವುದು ಅಪ್ಪನ ನ್ಯಾಯ. ನಾನು ಆ ಕೆಲಸದಲ್ಲಿ ಎಷ್ಟು ಚುರುಕಾದೆ ಅಂದರೆ ಇವತ್ತಿಗೂ ಗಲ್ಲೆಯಲ್ಲಿ ಕೂತವನು ಎದ್ದು ಹೋಗಿ ತಟ್ಟೆ ಎತ್ತಿಬಿಡುತ್ತೇನೆ. ಇನ್ನೊಬ್ಬರ ಎಂಜಲು ಕಣ್ಣೆದುರು ಬಿದ್ದಿದ್ದರೆ ಮೈಮೇಲೆ ಹುಳ ಹರಿದಂತಾಗುತ್ತದೆ.

ಆ ವರ್ಷ ನಮ್ಮ ಹಳೆಯ ಬಿಲ್ಡಿಂಗಿನ ರಿಪೇರಿ ಬಂತು. ಎರಡು ತಿಂಗಳು ಹೋಟೆಲು ಬಂದ್. ಕಂಬಗಳಿಗೆ ಆಸರೆ ಕೊಟ್ಟು, ಮುಂದೆ ತಗಡು ಬಡಿದು, ನಮ್ಮನ್ನು ಹೊರಗೆ ಹಾಕಿದರು. ಜೋಗೇಶ್ವರಿಯ ಮನೆಯಲ್ಲಿ ನಾನು ಹನ್ನೆರಡು ದಿನ ಇದ್ದೆ. ಅಷ್ಟರಲ್ಲಿ ಅಡುಗೆಮನೆಯ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದೆ, ಸೊಸೈಟಿಯ ವಾಚ್‌ಮನ್ನನಿಗೆ ಗೇಟು ಹೇಗೆ ತೆರೆಯಬೇಕು ಅಂತ ಹೇಳಿಕೊಟ್ಟೆ, ಮಗಳು ವಿದ್ಯಾ ಓದುತ್ತಿದ್ದರೆ ಲೈಟು ಸಾಕಾ ಅಂತ ಗಂಟೆಗೆ ನಾಲ್ಕು ಸಲ ಕೇಳಿದೆ. ಹೆಂಡತಿ ಸುಮತಿ ಕೈ ಮುಗಿದುಬಿಟ್ಟಳು. "ಬಿಲ್ಡಿಂಗ್ ಬೀಳುವ ಮೊದಲು ನನ್ನ ತಲೆ ಬೀಳ್ತದೆ. ನೀವು ಎಲ್ಲಿಗಾದ್ರೂ ಹೋಗಿ ಬನ್ನಿ ಮಾರಾಯ್ರೆ."

ಹೋಗಲು ಜಾಗವೂ ಸಿಕ್ಕಿತು. ಪರೇಲಿನ ಆಸ್ಪತ್ರೆಯೊಂದರ ಡಾಕ್ಟರ್ ಸಾವಂತ್ ಬಾಯಿ ನಮ್ಮ ಹಳೆಯ ಗಿರಾಕಿ. ಬ್ಯಾಂಕಿನ ಕೆಲಸಕ್ಕೆ ಫೋರ್ಟಿಗೆ ಬಂದಾಗಲೆಲ್ಲ ನಮ್ಮಲ್ಲಿ ಕಾಫಿ ಕುಡಿಯದೆ ಹೋಗುವವರಲ್ಲ. ಪ್ರತಿ ವರ್ಷ ಏಳೆಂಟು ಜನ ಸೇರಿಕೊಂಡು ರಜೆಯಲ್ಲಿ ಆ ಹಳ್ಳಿಗೆ ಹೋಗಿ ಸೇವೆ ಮಾಡಿ ಬರುವ ಗುಂಪು ಅವರದ್ದು. ಆ ಸಲ ಅಲ್ಲಿಯ ಶಾಲೆಗೆ ಮಧ್ಯಾಹ್ನದ ಅಡುಗೆಮನೆ ಮಾಡಿಕೊಡಬೇಕಿತ್ತು. ಔಷಧಿ ಕೊಡಲು ಜನ ಇದ್ದರು, ನೂರೈವತ್ತು ಜನಕ್ಕೆ ಅಡುಗೆ ಮಾಡಿ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. "ಭಟ್‌ಜೀ, ತುಮ್ಹಿ ಯೇಣಾರ್ ಕಾ?" ಅಂತ ಫೋನಿನಲ್ಲಿ ಕೇಳಿದರು. ಬರುತ್ತೀರಾ ಅಂತ ಯಾರಾದರೂ ಕೇಳುವುದನ್ನೇ ನಾನು ಕಾಯುತ್ತಿದ್ದೆ. ಇನ್ನೂ ಊರಿನ ಹೆಸರು ಸರಿಯಾಗಿ ಕೇಳಿಸಿಕೊಳ್ಳುವ ಮೊದಲೇ ಹೂಂ ಅಂದೆ.

ವಿಮಾನ, ಆಮೇಲೆ ಇಡೀ ದಿನದ ಬಸ್ಸು, ಆಮೇಲೆ ಕೆಸರಿನಲ್ಲಿ ಹೂತು ಹೂತು ಏಳುವ ಒಂದು ಪಿಕಪ್. ಹಳ್ಳಿ ಗುಡ್ಡದ ನೆತ್ತಿಯಲ್ಲಿತ್ತು. ಆಫ್ರಿಕಾ ಅಂದರೆ ಬಿಸಿಲು ಅಂತ ಹತ್ತಿಯ ಅಂಗಿ ಮಾತ್ರ ಒಯ್ದಿದ್ದೆ. ಇಳಿದದ್ದೇ ಹಲ್ಲು ಕಟಕಟ ಅಂದವು. ಮಳೆಗಾಲ ಆಗಷ್ಟೇ ಶುರುವಾಗಿತ್ತು, ಬೆಳಿಗ್ಗೆ ಮೋಡ ಮನೆಬಾಗಿಲಿಗೇ ಬಂದು ನಿಲ್ಲುತ್ತಿತ್ತು, ಕೆಂಪು ಮಣ್ಣು ಚಪ್ಪಲಿಗೆ ಅಂಟಿ ಹೆಜ್ಜೆಗೊಂದು ಸೇರು ತೂಕ ಕೂಡುತ್ತಿತ್ತು. ಊರಿಗೆ ಊರೇ ಮೆಕ್ಕೆಜೋಳ ಬಿತ್ತುವ ಗಡಿಬಿಡಿಯಲ್ಲಿತ್ತು. ಗಡಿಬಿಡಿ ಅಂತ ನಾನು ಅನ್ನುವುದು, ಅವರು ಯಾರೂ ಗಡಿಬಿಡಿ ಮಾಡುತ್ತಿರಲಿಲ್ಲ. ಅದೇ ನನ್ನ ತೊಂದರೆಗೆಲ್ಲ ಮೂಲ.

ಶಾಲೆ ಅಂದರೆ ತಗಡಿನ ಮಾಡಿನ ನಾಲ್ಕು ಕೋಣೆ, ನೂರನಲವತ್ತು ಮಕ್ಕಳು. ಮೂರು ಗುಡ್ಡದಾಚೆಯಿಂದ ನಡೆದು ಬರುವವರೂ ಇದ್ದರು. ಬೆಳಿಗ್ಗೆ ಏನಾದರೂ ತಿಂದಿದ್ದರೆ ತಿಂದ ಹಾಗೆ, ಇಲ್ಲದಿದ್ದರೆ ಸಂಜೆ ಮನೆ ಸೇರುವವರೆಗೆ ನೀರೇ ಗತಿ. ಊರಿನ ಸಭೆಯಲ್ಲಿ ಮಾತು ಮೊದಲೇ ಆಗಿತ್ತು. ಕೊಪ್ಪರಿಗೆ, ಪಾತ್ರೆ, ಮೊದಲ ವರ್ಷದ ಕಾಳು ಮುಂಬಯಿಯವರದ್ದು, ಹಿಟ್ಟು ಊರಿನವರದ್ದು, ಅಡುಗೆ ಮಾತ್ರ ಊರಿನ ತಾಯಂದಿರೇ ಸರದಿಯ ಮೇಲೆ ಮಾಡಬೇಕು. ಜನವರಿಯ ಎರಡನೆಯ ಸೋಮವಾರ ಶಾಲೆ ತೆರೆಯುವ ದಿನ ತಾಯಂದಿರು ಬಂದು ಒಲೆ ಹಚ್ಚಿದರೆ ಅಡುಗೆಮನೆ ಅವರದ್ದು. ಬರದಿದ್ದರೆ ಅದೇ ಸಂಜೆ ಪಿಕಪ್ ಬಂದು ಪಾತ್ರೆಗಳನ್ನೆಲ್ಲ ಆಚೆ ಗುಡ್ಡದ ಊರಿಗೆ ಒಯ್ಯುತ್ತದೆ, ಅವರೂ ಕೇಳಿ ಕೂತಿದ್ದರು. ಗುಂಪಿನ ಉಳಿದವರು ಎರಡು ವಾರದಲ್ಲಿ ವಾಪಸಾದರು. ಆ ಸೋಮವಾರದವರೆಗೆ ನಿಲ್ಲುವ ಹೊಣೆ ನನ್ನದು.

ನಾನು ಉಳಿದುಕೊಂಡದ್ದು ಶಾಲೆಯ ಮಾಸ್ತರ ಯೊಸೆಫುವಿನ ಮನೆಯಲ್ಲಿ. ಮೂವತ್ತು ವಯಸ್ಸಿನ ಸೌಮ್ಯ ಮನುಷ್ಯ, ಇಂಗ್ಲಿಷ್ ಬಲ್ಲವನು, ನನ್ನ ಹೋಟೆಲ್ ಇಂಗ್ಲಿಷನ್ನು ಅವನೇ ಅವರ ಮಾತಿಗೆ ತಿರುಗಿಸಬೇಕಿತ್ತು. ಅಲ್ಲಿ ಮಕ್ಕಳಿದ್ದವರನ್ನು ಮಕ್ಕಳ ಹೆಸರಿನಿಂದಲೇ ಕರೆಯುವುದು. ನನಗೆ ಒಬ್ಬಳು ಮಗಳು, ಹೆಸರು ವಿದ್ಯಾ ಅಂತ ತಿಳಿದದ್ದೇ ಇಡೀ ಊರಿಗೆ ನಾನು ಬಾಬಾ ವಿದ್ಯಾ, ಅಂದರೆ ವಿದ್ಯಾಳ ಅಪ್ಪ ಆದೆ. ಮುಂಬಯಿಯಲ್ಲಿ ಅವಳ ಕಾಲೇಜಿನ ಗೇಟಿಗೂ ಹೋಗಲು ಬಿಡುವಿಲ್ಲದವನಿಗೆ ಈ ಹೆಸರು ಸ್ವಲ್ಪ ಚುಚ್ಚುತ್ತಿತ್ತು.

ಅಡುಗೆಯ ಸರದಿಗೆ ಒಪ್ಪಿದ ಹನ್ನೆರಡು ತಾಯಂದಿರ ಪೈಕಿ ಹಿರಿಯಳು ಮಾಮಾ ನೀಮಾ, ಅಂದರೆ ನೀಮಾಳ ಅಮ್ಮ. ಅರವತ್ತು ದಾಟಿದ್ದಳು, ಎತ್ತರದ ಹೆಂಗಸು, ಒಂದು ಮೊಣಕಾಲು ನೋವಿನದ್ದು. ಅವಳ ಮಗಳು ನೀಮಾ ದೂರದ ನಗರದಲ್ಲಿ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಆರು ವರ್ಷದ ಮೊಮ್ಮಗಳು ಜವಾದಿ ಅಜ್ಜಿಯ ಹತ್ತಿರ. ಜನವರಿಯಲ್ಲಿ ಜವಾದಿಯೂ ಒಂದನೆಯ ಕ್ಲಾಸಿಗೆ ಸೇರುವವಳು. ಉಳಿದ ಹನ್ನೊಂದು ಹೆಂಗಸರು ಏನೇ ಕೇಳಿದರೂ ಮೊದಲು ಮಾಮಾ ನೀಮಾಳ ಮುಖ ನೋಡಿ ಆಮೇಲೆ ಉತ್ತರ ಕೊಡುತ್ತಿದ್ದರು.

ಮೊದಲ ದಿನ ನಾನು ಅವಳಿಗೆ ಹೇಳಿದ್ದು ಇಷ್ಟೇ, ನಾಳೆ ಒಂಬತ್ತಕ್ಕೆ ಎಲ್ಲರೂ ಬನ್ನಿ. ಅದನ್ನು ಹೇಳಲು ಯೊಸೆಫುವಿಗೆ ಆರೇಳು ನಿಮಿಷ ಹಿಡಿಯಿತು. ಇವನೇನು ಹೆಚ್ಚಿಗೆ ಸೇರಿಸುತ್ತಿದ್ದಾನೆ ಅಂತ ನನಗೆ ಒಳಗೊಳಗೇ ಕುದಿತ. ಆಮೇಲೆ ಕೇಳಿದರೆ, ಮೊದಲು ಅವಳ ಪಾದಕ್ಕೆ ನಮಸ್ಕಾರ ಹೇಳಿದೆ, ರಾತ್ರಿ ನಿದ್ದೆ ಬಂತಾ ಕೇಳಿದೆ, ಹೊಲ, ಆಡು, ಮೊಣಕಾಲು, ಮಗಳ ಸುದ್ದಿ ಕೇಳಿದೆ, ಕೊನೆಗೆ ನಿಮ್ಮ ಮಾತು ಹೇಳಿದೆ ಅಂದ. ಅಷ್ಟೆಲ್ಲ ಕೇಳದೆ ಹೇಳಿದ್ದರೆ ಬೈದ ಹಾಗೆ ಆಗುತ್ತಿತ್ತಂತೆ.

ಕೆಲಸವೇನೋ ಚೆನ್ನಾಗಿಯೇ ನಡೆಯಿತು. ಮದುವೆಮನೆಯಲ್ಲಿ ನಮ್ಮವರು ನೆಲ ತೋಡಿ ಹಾಕುವ ಉದ್ದ ಒಲೆ ಹಾಕಿದೆ, ಒಂದೇ ಬೆಂಕಿಗೆ ಮೂರು ಕೊಪ್ಪರಿಗೆ ಕೂರುವ ಹಾಗೆ. ಹತ್ತು ಜನರ ಅಡುಗೆಯನ್ನು ಅವರು ನನಗಿಂತ ರುಚಿಯಾಗಿ ಮಾಡುತ್ತಿದ್ದರು. ನೂರನಲವತ್ತು ಜನರದ್ದು ಬೇರೆಯೇ ವಿದ್ಯೆ. ನೀರೆಷ್ಟು, ಕಾಳು ಯಾವಾಗ, ಬೆಂಕಿ ಎಲ್ಲಿ ಹಿಂದಕ್ಕೆಳೆಯಬೇಕು ಅದನ್ನೆಲ್ಲ ಕಲಿಸಿದೆ. ಅವರು ಉಗಾಲಿ ಅನ್ನುವ ಮೆಕ್ಕೆಜೋಳದ ಗಟ್ಟಿ ಮುದ್ದೆಯನ್ನು ದೊಡ್ಡ ಮರದ ಹುಟ್ಟಿನಿಂದ ತಿರುವುವುದನ್ನು ಅವರಿಂದ ನಾನು ಕಲಿತೆ, ಎರಡೇ ನಿಮಿಷಕ್ಕೆ ಭುಜ ಬಿದ್ದುಹೋಗುತ್ತಿತ್ತು. ಆದರೆ ಅವರು ಬರುತ್ತಿದ್ದದ್ದು ಒಂಬತ್ತಕ್ಕಲ್ಲ, ಮಳೆ ನಿಂತ ಮೇಲೆ. ಬೆಳಗಿನ ನಾಲ್ಕಕ್ಕೇ ಎಚ್ಚರವಾಗುವ ನಾನು ಅಲ್ಲಿಯವರೆಗೆ ಶಾಲೆಯ ಅಂಗಳದಲ್ಲಿ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೆ. ಬಂದವರು ಒಬ್ಬರನ್ನೊಬ್ಬರು ವಿಚಾರಿಸಿಕೊಂಡು ಮುಗಿಸುವಷ್ಟರಲ್ಲಿ ನನ್ನ ಲೆಕ್ಕದ ಪ್ರಕಾರ ಒಂದು ಬ್ಯಾಚ್ ಊಟ ಎದ್ದಿರಬೇಕಿತ್ತು.

ಕ್ರಿಸ್‌ಮಸ್‌ಗೆ ಮೊದಲಿನ ಶನಿವಾರ ಪರೀಕ್ಷೆಯ ಅಡುಗೆ. ಮೂರೂ ಕೊಪ್ಪರಿಗೆಯಲ್ಲಿ ಪೂರ್ತಿ ಅಡುಗೆಯಾಯಿತು. ಊರಿನ ಹಿರಿಯರು, ಮಕ್ಕಳು ಉಂಡು ಹೋದರು. ಕೊನೆಗೆ ಹನ್ನೆರಡು ತಾಯಂದಿರನ್ನು ಚಾಪೆಯ ಮೇಲೆ ಸಾಲಾಗಿ ಕೂರಿಸಿ, ಇವತ್ತು ನೀವು ಯಾರೂ ಏಳಬಾರದು ಅಂತ ಹೇಳಿಸಿ, ನಾನೇ ಬಡಿಸಿದೆ. ಪಂಕ್ತಿಯ ಬಡಿಸುವಿಕೆ, ಉಡುಪಿಯ ವೇಗ. ಹೆಂಗಸರು ನಕ್ಕೂ ನಕ್ಕೂ ಸುಸ್ತಾದರು. ಆ ನಗು ನನ್ನ ತಲೆಗೇರಿತು ಅಂತ ಕಾಣುತ್ತದೆ.

ಮಾಮಾ ನೀಮಾ ಉಂಡಳು. ಬೆರಳು ಒರೆಸಿಕೊಂಡು ಪಕ್ಕದವಳ ಕಡೆ ತಿರುಗಿದಳು. ಅವಳ ತಟ್ಟೆಯ ಒಂದು ಬದಿಗೆ ಹಿಡಿಯಷ್ಟು ಮುದ್ದೆ, ಅದರ ಮೇಲೆ ಒಂದಷ್ಟು ಕಾಳು ಉಳಿದಿತ್ತು. ನನ್ನ ಕಣ್ಣಿಗೆ ಬಿದ್ದದ್ದು ಅಷ್ಟೇ, ಕೈ ಹೋಗಿಬಿಟ್ಟಿತು. ತಟ್ಟೆ ಎತ್ತಿದೆ, ಬಕೆಟಿಗೆ ಸುರಿದೆ, ಪಕ್ಕದವಳದ್ದು ಎತ್ತಿದೆ, ಸುರಿದೆ. ನಾಲ್ಕನೆಯ ತಟ್ಟೆಗೆ ಬರುವಾಗ ನಗು ನಿಂತಿತ್ತು. ಗೋಡೆಯ ಬದಿಯಲ್ಲಿ ಆಡುತ್ತಿದ್ದ ಜವಾದಿ ಬಂದು ಅಜ್ಜಿಯ ಮುಂದೆ ನಿಂತು ಚಾಪೆ ನೋಡಿದಳು, ಬಕೆಟು ನೋಡಿದಳು. ಮಾಮಾ ನೀಮಾ ಚಾಪೆಯಿಂದ ಎದ್ದಳು. ಧನ್ಯವಾದ ಹೇಳಿ, ಹುಡುಗಿಯ ಕೈ ಹಿಡಿದು, ನೋವಿನ ಕಾಲು ಎಳೆಯುತ್ತ ಹೊರಟಳು. ಉಳಿದವರು ಅವಳ ಹಿಂದೆ. ಪಾತ್ರೆ ತೊಳೆಯಲು ಒಬ್ಬಳೂ ನಿಲ್ಲಲಿಲ್ಲವಲ್ಲ ಅಂತ ನನಗೆ ಸಿಟ್ಟು ಬಂತು.

ಹಬ್ಬ ಕಳೆಯಿತು, ಹೊಸ ವರ್ಷ ಕಳೆಯಿತು. ಅಭ್ಯಾಸಕ್ಕೆ ಬನ್ನಿ ಅಂತ ಹೇಳಿದ ದಿನ ಯಾರೂ ಬರಲಿಲ್ಲ. ಮಾರನೆಯ ದಿನವೂ ಇಲ್ಲ. ಮೂರು ಕೊಪ್ಪರಿಗೆ ಬೋರಲು ಹಾಕಿಕೊಂಡು ನಾನೊಬ್ಬನೇ ಕೂತೆ. ಅಡುಗೆಯವನ ಬುದ್ಧಿ ಎಲ್ಲಿಗೆ ಹೋಗುತ್ತದೆ ನೋಡಿ, ನನಗೆ ಹೊಳೆದದ್ದು ಉಪ್ಪು. ತಟ್ಟೆಯಲ್ಲಿ ಬಿಟ್ಟರು ಅಂದರೆ ರುಚಿಸಲಿಲ್ಲ ಅಂತ ಅರ್ಥ, ನಮ್ಮ ಕಸುಬಿನಲ್ಲಿ ಅದಕ್ಕೆ ಬೇರೆ ಅರ್ಥವೇ ಇಲ್ಲ. ಶುಂಠಿ ಹೆಚ್ಚಾಯಿತಾ, ನಾನು ಊರಿನಿಂದ ಒಯ್ದ ಒಣ ಕರಿಬೇವು ಹಾಕಿದ್ದು ತಪ್ಪಾಯಿತಾ ಅಂತ ಎರಡು ದಿನ ಸಣ್ಣ ಪಾತ್ರೆಯಲ್ಲಿ ಬೇರೆ ಬೇರೆ ರೀತಿ ಮಾಡಿ ಯೊಸೆಫುವಿಗೆ ತಿನ್ನಿಸಿದೆ. ಪಾಪ, ಅವನು ಎಲ್ಲವನ್ನೂ ಚೆನ್ನಾಗಿದೆ ಅಂತ ತಿಂದ. ಮೂರನೆಯ ದಿನ ಅವನಿಗೇ ತಡೆಯಲಾಗಲಿಲ್ಲ. ಅತಿಥಿಗೆ ಕಹಿ ಹೇಳುವುದು ಅವರಲ್ಲಿ ದೊಡ್ಡ ತಪ್ಪು, ಆದ್ದರಿಂದ ನೆಲ ನೋಡಿಕೊಂಡೇ ಹೇಳಿದ.

ಅವರಲ್ಲಿ ಹಿರಿಯರು ತಟ್ಟೆ ಪೂರ್ತಿ ಖಾಲಿ ಮಾಡುವುದಿಲ್ಲ. ಒಂದು ಪಾಲು ಬದಿಗೆ ಒಟ್ಟಿ ಇಡುತ್ತಾರೆ. ಅದು ಮನೆಯ ಮಕ್ಕಳ ಪಾಲು. ಅಜ್ಜ ಅಜ್ಜಿಯ ತಟ್ಟೆಯಲ್ಲಿ ಕೂತು ಉಣ್ಣುವುದು ಮಕ್ಕಳಿಗೆ ಹಬ್ಬ, ಅದರ ಮೂಲಕವೇ ಹಿರಿಯರ ಒಳ್ಳೆಯದು ಮಕ್ಕಳಿಗೆ ಹೋಗುವುದು ಅನ್ನುವ ನಂಬಿಕೆ. ಅವತ್ತು ನಾನು ಬಕೆಟಿಗೆ ಸುರಿದದ್ದು ಜವಾದಿಯ ಪಾಲು. ಅದೂ ಊರಿನ ಹನ್ನೊಂದು ಹೆಂಗಸರ ಎದುರು, ಮೂಗು ಮುರಿದುಕೊಂಡು. ಮೂಗು ಮುರಿದೆನಾ ಅಂತ ಕೇಳಿದೆ. ಹೌದು, ಸ್ವಲ್ಪ ಅಂದ ಯೊಸೆಫು.

ನನಗೆ ವಿಪರೀತ ನಾಚಿಕೆಯಾಯಿತು, ಜೊತೆಗೆ ಸಿಟ್ಟೂ ಬಂತು. ಎಂಜಲು ಅಂದರೆ ಏನು ಅಂತ ಅವನಿಗೆ ವಿವರಿಸಲು ಹೊರಟೆ. ನಾವು ಎಂಜಲು ಕೈಯಲ್ಲಿ ಬಡಿಸುವುದಿಲ್ಲ, ಕಚ್ಚಿದ ಹಣ್ಣು ಕೊಡುವುದಿಲ್ಲ, ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿಯುತ್ತೇವೆ, ಉಂಡ ಜಾಗವನ್ನು ಒರೆಸಿ ಶುದ್ಧ ಮಾಡುತ್ತೇವೆ. ಅವನು ಗಂಭೀರವಾಗಿ ಕೇಳಿದ, ಕೊನೆಗೆ, ಹಾಗಾದರೆ ನಿಮ್ಮಲ್ಲಿ ಒಟ್ಟಿಗೆ ಉಣ್ಣುವುದು ತುಂಬಾ ಕಷ್ಟ ಅಂದ. ವ್ಯಂಗ್ಯವಲ್ಲ, ನಿಜವಾಗಿ ಅಯ್ಯೋ ಅನಿಸಿ ಹೇಳಿದ್ದು.

ಸಂಜೆ ಗುಡ್ಡದ ತುದಿಗೆ ಹೋಗಿ ಸುಮತಿಗೆ ಫೋನು ಹಚ್ಚಿದೆ, ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು. ನಡೆದದ್ದನ್ನೆಲ್ಲ ಹೇಳಿ, ಅವಳಿಂದ ಸಮಾಧಾನ ಬರುತ್ತದೆ ಅಂತ ಕಾದರೆ ಬಂದದ್ದು ಬೇರೆಯೇ. "ನೀವು ಎತ್ತದ ತಟ್ಟೆ ಯಾವುದುಂಟು ಹೇಳಿ? ವಿದ್ಯಾ ನಿಮ್ಮೊಟ್ಟಿಗೆ ಊಟಕ್ಕೆ ಕೂರುದು ಬಿಟ್ಟು ಎಷ್ಟು ವರ್ಷ ಆಯ್ತು, ನಿಮಗೆ ಗೊತ್ತುಂಟಾ?" ಫೋನು ಮಗಳ ಕೈಗೆ ಹೋಯಿತು. ಅವಳ ಕನ್ನಡ ಅರ್ಧಂಬರ್ಧ. "ಪಪ್ಪಾ, ಜಸ್ಟ್ ಹೋಗಿ ಸಾರಿ ಬೋಲೋ. ಆದ್ರೆ ಫಾಸ್ಟ್ ಫಾಸ್ಟ್ ಹೇಳ್ಬೇಡಿ, ಪ್ಲೀಸ್." ಫೋನಿಟ್ಟ ಮೇಲೆ ಕತ್ತಲಾಗುವವರೆಗೂ ಆ ಗುಡ್ಡದ ಮೇಲೆ ಅತ್ತಿತ್ತ ಓಡಾಡಿದೆ. ವಿದ್ಯಾ ಊಟಕ್ಕೆ ಜೊತೆಗೆ ಕೂರುವುದಿಲ್ಲ ಅನ್ನುವುದನ್ನು ನಾನು ಗಮನಿಸಿಯೇ ಇರಲಿಲ್ಲ.

ಮಾರನೆಯ ದಿನ ಯೊಸೆಫುವನ್ನು ಕರೆದುಕೊಂಡು ಮಾಮಾ ನೀಮಾಳ ಮನೆಗೆ ಹೋದೆ. ಬೇಲಿಯ ಹೊರಗೆ ನಿಂತು ಬರಬಹುದಾ ಅಂತ ಕೂಗಬೇಕು, ಒಳಗಿನಿಂದ ಕರೀಬು ಅಂತ ಕರೆ ಬಂದರೆ ಮಾತ್ರ ಹೋಗಬೇಕು. ಮೊದಲ ಕೂಗಿಗೆ ಉತ್ತರ ಬರಲಿಲ್ಲ. ಜಿಟಿಜಿಟಿ ಮಳೆಯಲ್ಲಿ ನಿಂತೇ ಇದ್ದೆವು. ಎರಡನೆಯದ್ದಕ್ಕೂ ಇಲ್ಲ. ವಾಪಸು ಹೋಗಿ ಪಾತ್ರೆ ಕಟ್ಟಿಡುವುದೇ ಸರಿ, ಆಚೆ ಗುಡ್ಡದವರಾದರೂ ಉಣ್ಣಲಿ ಅಂತ ಕಾಲು ತಿರುಗಿತ್ತು. ಅಷ್ಟರಲ್ಲಿ ಒಳಗಿನಿಂದ ದನಿ ಬಂತು.

ಶಿಕಮೋ ಅಂದೆ. ಹಿರಿಯರಿಗೆ ಹೇಳುವ ನಮಸ್ಕಾರ ಅದು, ನಿಮ್ಮ ಪಾದ ಹಿಡಿಯುತ್ತೇನೆ ಅಂತ ಅರ್ಥ. ರಾತ್ರಿ ನಿದ್ದೆ ಬಂತಾ, ಮೊಣಕಾಲು ಹೇಗಿದೆ, ಬಿತ್ತನೆ ಎಲ್ಲಿಗೆ ಬಂತು, ಆಡು ಮರಿ ಹಾಕಿತಾ, ಮಗಳ ಸುದ್ದಿ ಬಂತಾ. ಒಂದೊಂದನ್ನೂ ನಾನೇ ಕೇಳಿದೆ, ಯೊಸೆಫು ತಿರುಗಿಸಿದ, ಉತ್ತರ ಪೂರ್ತಿ ಬರುವವರೆಗೆ ಕಾದೆ. ಆಮೇಲೆ ನಡೆದದ್ದನ್ನು ಹೇಳಿದೆ. ಗೊತ್ತಿರಲಿಲ್ಲ ಅಂದೆ. ತಪ್ಪಾಯಿತು ಅಂದೆ. ಅವಳು ಕಾಳು ಆರಿಸುತ್ತಿದ್ದ ಮೊರದಿಂದ ಕಣ್ಣೆತ್ತದೆ ಕೇಳಿದಳು.

"ನನ್ನ ಕೈ ಮುಟ್ಟಿದ್ದು ಕೊಳಕು ಅಂತ ನಿನಗೆ ಅನಿಸಿತಾ?"

ಇಲ್ಲ ಅನ್ನಬಹುದಿತ್ತು. ಯೊಸೆಫುವೂ ಇಲ್ಲ ಅನ್ನಲಿ ಅಂತಲೇ ನನ್ನ ಮುಖ ನೋಡುತ್ತಿದ್ದ. ಆದರೆ ಅಷ್ಟು ದೂರ ಹೋಗಿ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಿಮ್ಮದು ಅಂತಲ್ಲ, ನಮ್ಮಲ್ಲಿ ಯಾರು ಉಂಡು ಬಿಟ್ಟದ್ದೂ ಹಾಗೆಯೇ, ನನ್ನ ತಾಯಿಯದ್ದೂ ಹಾಗೆಯೇ ಅಂದೆ. ಅವಳ ಕೈ ಮೊರದಲ್ಲಿ ನಿಂತಿತು.

"ನಿನ್ನ ತಾಯಿ ತಟ್ಟೆಯಲ್ಲಿ ನಿನಗೆ ಏನೂ ಉಳಿಸಲಿಲ್ಲವಾ?"

ನನ್ನ ತಾಯಿ ಉಂಡದ್ದನ್ನು ನಾನು ನೋಡಿದ್ದೇ ಕಡಿಮೆ. ಎಲ್ಲರದ್ದೂ ಆದ ಮೇಲೆ, ಅಡುಗೆಮನೆಯ ಮೂಲೆಯಲ್ಲಿ, ನಮಗೆ ಬೆನ್ನು ಹಾಕಿ ಉಣ್ಣುತ್ತಿದ್ದಳು. ಹನ್ನೊಂದಕ್ಕೆ ನನ್ನನ್ನು ಬಸ್ಸು ಹತ್ತಿಸಿದ ಮೇಲೆ ವರ್ಷಕ್ಕೊಮ್ಮೆ ನೋಡಿದರೆ ಹೆಚ್ಚು. ಮುಂಬಯಿಯಲ್ಲಿ ಹೋಟೆಲಿನ ಹಿಂದೆ ನಿಂತು ಉಂಡು ಬೆಳೆದವನು ನಾನು. ಇದನ್ನೆಲ್ಲ ಯೊಸೆಫುವಿಗೆ ಹೇಳಿ, ಅವನು ಅವಳಿಗೆ ಹೇಳಿ ಮುಗಿಸುವುದರೊಳಗೆ ನನಗೆ ಅಳು ಬಂದುಬಿಟ್ಟಿತು. ಐವತ್ತರ ಗಂಡಸು, ಪರಊರಿನ ಅಂಗಳದಲ್ಲಿ, ಮೂಗು ಒರೆಸಿಕೊಂಡು ಅತ್ತೆ. ಮಾಮಾ ನೀಮಾ ಸಮಾಧಾನವೇನೂ ಮಾಡಲಿಲ್ಲ. ಮೊರವನ್ನು ನನ್ನ ಕಡೆ ತಳ್ಳಿ ಕಲ್ಲು ಆರಿಸು ಅನ್ನುವ ಹಾಗೆ ಕೈ ತೋರಿಸಿದಳು. ಮಳೆ ನಿಲ್ಲುವವರೆಗೆ ಕೂತು ಆರಿಸಿದೆ. ಸೋಮವಾರ ಬರುತ್ತೀರಾ ಅಂತ ಏಳುವಾಗ ಕೇಳಿದೆ. ಮೇಲಿನ ಹೊಲದ ಬಿತ್ತನೆ ಬಾಕಿ ಇದೆ, ನೋಡೋಣ ಅಂದಳು.

ನೋಡೋಣ ಅಂದರೆ ಮುಂಬಯಿಯಲ್ಲಿ ಇಲ್ಲ ಅಂತ ಅರ್ಥ. ಅಲ್ಲಿ ಏನು ಅರ್ಥ ಅಂತ ಯೊಸೆಫುವಿಗೂ ಗೊತ್ತಿರಲಿಲ್ಲ. ನಡುವೆ ಉಳಿದ ನಾಲ್ಕು ದಿನ ನಾನು ಉಂಡದ್ದು ಮಲಗಿದ್ದು ಒಂದೂ ನೆಟ್ಟಗಿರಲಿಲ್ಲ. ಭಾನುವಾರ ಡಾಕ್ಟರ್ ಬಾಯಿ ಫೋನಿನಲ್ಲಿ, ಪಿಕಪ್ಪಿನವನಿಗೆ ಹೇಳಿಟ್ಟಿದ್ದೇನೆ, ಸೋಮವಾರ ಸಂಜೆ ಅವನು ಬಂದಾಗ ಏನು ಅಂತ ನೀವೇ ಹೇಳಿ ಅಂದರು.

ಸೋಮವಾರ ಬೆಳಕು ಹರಿಯುವಾಗಲೇ ಮಕ್ಕಳು ಬರತೊಡಗಿದರು. ಅಲ್ಲಿ ಶಾಲೆಗೆ ಬರುವ ಪ್ರತಿ ಮಗು ಒಂದು ಕಟ್ಟಿಗೆ ಹಿಡಿದು ಬರಬೇಕು, ಅದೇ ಒಲೆಗೆ ಸೌದೆ. ಹೊಸ ಸಮವಸ್ತ್ರದ ಜವಾದಿಯೂ ತನ್ನಷ್ಟೇ ಉದ್ದದ ಒಂದು ಕೊಂಬೆ ಎಳೆದುಕೊಂಡು ಬಂದಳು. ಅಜ್ಜಿ ಎಲ್ಲಿ ಅಂತ ಸನ್ನೆ ಮಾಡಿದೆ, ಗುಡ್ಡದ ಕಡೆ ಬೆರಳು ತೋರಿಸಿದಳು. ಹತ್ತು ಗಂಟೆಯಾದರೂ ಒಬ್ಬ ತಾಯಿಯೂ ಇಲ್ಲ. ತಾಯಂದಿರೇ ಹಚ್ಚಬೇಕಾದ ಬೆಂಕಿಯನ್ನು ನಾನು ಹಚ್ಚುವ ಹಾಗಿರಲಿಲ್ಲ. ಆದರೆ ನೂರನಲವತ್ತು ಮಕ್ಕಳು ಇವತ್ತು ಊಟ ಉಂಟು ಅಂತ ಕಾಯುತ್ತಿದ್ದರು. ಪಾತ್ರೆ ಸಂಜೆ ಹೋಗುವುದಿದ್ದರೆ ಹೋಗಲಿ, ಮಧ್ಯಾಹ್ನದ ಊಟವಾದರೂ ಆಗಲಿ ಅಂತ ಹಚ್ಚಿಯೇಬಿಟ್ಟೆ.

ಸೌದೆ ಹಸಿ, ಹೊಗೆ ಕಣ್ಣಿಗೆ. ಯೊಸೆಫುವಿಗೆ ಪಾಠ ಇತ್ತು. ಒಂದು ಕೊಪ್ಪರಿಗೆಯಲ್ಲಿ ಮುದ್ದೆ ತಿರುವಲು ನಿಂತರೆ ಇನ್ನೊಂದರಲ್ಲಿ ಕಾಳು ಕೇಳುವವರಿಲ್ಲ. ಓಡಿದೆ, ತಿರುವಿದೆ, ಮತ್ತೆ ಓಡಿದೆ. ನನ್ನ ಜೀವಮಾನದ ಚುರುಕೆಲ್ಲ ಖರ್ಚಾಯಿತು, ಕಾಳು ತಳ ಹಿಡಿಯಿತು. ಆ ವಾಸನೆ ಇಡೀ ಗುಡ್ಡಕ್ಕೆ ಹಬ್ಬಿತು. ಹುಟ್ಟನ್ನು ಬಿಟ್ಟು ನೆಲದ ಮೇಲೆ ಕೂತುಬಿಡೋಣ ಅನಿಸಿತು.

ಹಿಂದಿನಿಂದ ಯಾರೋ ಹುಟ್ಟನ್ನು ಕಸಿದುಕೊಂಡರು. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ಮಾಮಾ ನೀಮಾ, ಹೆಗಲ ಮೇಲಿನ ಗುದ್ದಲಿಯನ್ನೂ ಇಳಿಸಿರಲಿಲ್ಲ. ದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಉಳಿದವರು ಇಳಿದು ಬರುತ್ತಿದ್ದರು, ಎಲ್ಲರ ಕೈಯಲ್ಲೂ ಗುದ್ದಲಿ. ಮೇಲಿನ ಹೊಲವನ್ನು ಹನ್ನೆರಡು ಜನ ಸೇರಿ ನಸುಕಿನಿಂದ ಬಿತ್ತಿ ಮುಗಿಸಿದ್ದರು, ಮಧ್ಯಾಹ್ನದ ಹೊತ್ತಿಗೆ ಕೈ ಬಿಡುವಾಗಲಿ ಅಂತ. ಊರಿಗೆಲ್ಲ ಅರ್ಧ ಗಂಟೆ ನಮಸ್ಕಾರ ಹೇಳುವ ಹೆಂಗಸು ನನಗೆ ಒಂದು ನಮಸ್ಕಾರವನ್ನೂ ಹೇಳಲಿಲ್ಲ. ಅವಳು ಹೇಳಿದ ಒಂದೇ ಮಾತಿಗೆ ಎಲ್ಲರೂ ನಕ್ಕರು. ಕಿಟಕಿಯಿಂದ ಯೊಸೆಫು ಅದನ್ನು ನನಗೆ ದಾಟಿಸಿದ, ದೊಡ್ಡ ಅಡುಗೆಯವನು ಕಾಳು ಸುಟ್ಟಿದ್ದಾನೆ ಅಂದಳಂತೆ.

ಅವರು ಬೆಂಕಿ ಹಿಂದಕ್ಕೆಳೆದರು, ಮೇಲಿನ ಕಾಳನ್ನು ಬೇರೆ ಪಾತ್ರೆಗೆ ತೆಗೆದರು, ಮುದ್ದೆ ಕಟ್ಟಿದರು. ಮಕ್ಕಳು ಉಂಡರು. ಹೊಗೆಯ ವಾಸನೆ ಇತ್ತು, ಒಂದು ಮಗುವೂ ಬಿಡಲಿಲ್ಲ. ಸಂಜೆ ಬಂದ ಪಿಕಪ್ಪಿನವನಿಗೆ ಒಂದು ತಟ್ಟೆ ಊಟ ಸಿಕ್ಕಿತು, ಖಾಲಿ ಗಾಡಿಯಲ್ಲೇ ವಾಪಸು ಹೋದ. ಅದು ಆಮೇಲಿನ ಮಾತು.

ಮಕ್ಕಳದ್ದಾದ ಮೇಲೆ ತಾಯಂದಿರು ಚಾಪೆ ಹಾಸಿ ಕೂತರು. ನಾನು ದೂರದಲ್ಲಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ತಟ್ಟೆಗಳು ಖಾಲಿಯಾಗುತ್ತಿದ್ದದ್ದು ಕಾಣುತ್ತಿತ್ತು, ಬೆರಳು ತುರಿಸುತ್ತಿತ್ತು. ಮಾಮಾ ನೀಮಾ ಕರೆದು ಪಕ್ಕ ಕೂರಿಸಿಕೊಂಡಳು. ಉಂಡು ಮುಗಿಸಿ, ಉಳಿದ ಮುದ್ದೆಯನ್ನು ಬೆರಳಿನಿಂದ ಬದಿಗೆ ಒಟ್ಟಿ, ಮೇಲೆ ಕಾಳು ಇಟ್ಟು, ತಟ್ಟೆಯನ್ನು ನನ್ನ ಮುಂದೆ ತಳ್ಳಿದಳು. ಹನ್ನೊಂದು ಹೆಂಗಸರೂ ನಮ್ಮ ಕಡೆ ತಿರುಗಿದರು.

ನನ್ನ ಕೈ ಏಳಲಿಲ್ಲ. ಹೇಸಿಗೆಯಾದದ್ದೂ ನಿಜ, ಮುಚ್ಚಿಡುವುದೇಕೆ. ಅವಳು ನನ್ನ ಮುಖ ನೋಡದೆ ಬೇರೆ ಕಡೆ ನೋಡುತ್ತಾ ಕೂತಳು, ಬಹುಶಃ ನನಗೆ ಅನುಕೂಲವಾಗಲಿ ಅಂತ. ಬಹಳ ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಒಂದು ತುತ್ತು ಮುರಿದು ಬಾಯಿಗಿಟ್ಟೆ. ಉಪ್ಪು ಕಡಿಮೆಯಿತ್ತು. ಇನ್ನೊಂದು ತುತ್ತು ತಿಂದೆ, ಮತ್ತೊಂದು.

ಆಗ ಎದುರಿಗೆ ಎರಡು ಕೆಸರುಗಾಲು ಕಂಡವು. ತಲೆಯೆತ್ತಿದರೆ ಜವಾದಿ, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ತನ್ನ ಪಾಲನ್ನು ಈ ಮುದುಕ ಎರಡನೆಯ ಸಲ ನುಂಗುತ್ತಿದ್ದಾನೆ ಅಂತ ಅವಳ ಮುಖದಲ್ಲೇ ಬರೆದಿತ್ತು. ನಾನು ಅಲ್ಲಿಗೇ ನಿಲ್ಲಿಸಿದೆ. ಉಳಿದದ್ದನ್ನು ಬದಿಗೆ ಒಟ್ಟಿ, ಕಾಳೆಲ್ಲ ಅದರ ಮೇಲೆ ಸೇರಿಸಿ, ತಟ್ಟೆಯನ್ನು ಅವಳ ಕಡೆ ತಿರುಗಿಸಿದೆ. ಅವಳು ಬಗ್ಗಿ ಎಷ್ಟುಂಟು ಅಂತ ನೋಡಿದಳು, ಇಷ್ಟೇನಾ ಅಂತ ಅಜ್ಜಿಗೆ ದೂರು ಹೇಳಿದಳು, ಆಮೇಲೆ ನನ್ನ ಮೊಣಕಾಲಿಗೆ ಒರಗಿ ಕೂತು ನಿಧಾನವಾಗಿ ಉಣ್ಣತೊಡಗಿದಳು.